ಕುದುರೆಮುಖದ ಟ್ರಂಕು: ಅಂಟಿಕೊಂಡ ಆಲ್ಬಂ, ಬೂಷ್ಟು ಹಿಡಿದ ಫೋಟೊ, ಒಂದು ಅದಿರಿನ ಕಲ್ಲು

ಪ್ರಶ್ನೆ: ನಮ್ಮ ತಂದೆ ಕುದುರೆಮುಖದ ಕಬ್ಬಿಣದ ಅದಿರು ಕಂಪನಿಯಲ್ಲಿ ಕೆಲಸ ಮಾಡಿದವರು. ಗಣಿ ನಿಂತ ಮೇಲೆ ದಾವಣಗೆರೆಗೆ ಬಂದು ಮನೆ ಮಾಡಿದೆವು. ತಂದೆ ಈಗಿಲ್ಲ, ತಾಯಿ ಇದ್ದಾರೆ. ತಂದೆಯ ಟ್ರಂಕಿನಲ್ಲಿ ನಾಲ್ಕು ಆಲ್ಬಂ, ಒಂದು ಕವರ್ ತುಂಬ ನೆಗೆಟಿವ್, ಕೆಲಸದ ಹೆಲ್ಮೆಟ್, ಹಿತ್ತಾಳೆ ಬಿಲ್ಲೆ, ಒಂದು ಅದಿರಿನ ಕಲ್ಲು, ಒಂದಿಷ್ಟು ಕಾಗದಪತ್ರ ಸಿಕ್ಕಿವೆ. ಎರಡು ಆಲ್ಬಂಗಳ ಫೋಟೊಗಳು ಹಾಳೆಗೆ ಅಂಟಿಕೊಂಡು ಬರುತ್ತಿಲ್ಲ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಕಲರ್ ಫೋಟೊಗಳೆಲ್ಲ ಕೆಂಪಾಗಿವೆ. ಸ್ಕ್ಯಾನ್ ಮಾಡಿಸಿ ಹಳೇದನ್ನು ಬಿಸಾಕೋಣ ಅಂತಾರೆ ಅಣ್ಣ. ಲ್ಯಾಮಿನೇಷನ್ ಮಾಡಿಸಿ ಮೂವರೂ ಹಂಚಿಕೊಳ್ಳೋಣ ಅಂತಾರೆ ಅಕ್ಕ. ಅಕ್ಕನ ಮಗ ಮೊಬೈಲ್ ಆ್ಯಪ್‌ನಲ್ಲಿ ಕೆಲವನ್ನು ಹೊಸದರ ಥರ ಮಾಡಿ ತೋರಿಸಿದ. ಯಾವುದು ಸರಿ?

ಉತ್ತರ: ಬಿಸಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಹಂಚಿಕೊಳ್ಳೋಕೆ ಅವಸರ ಬೇಡ. ಈ ಮೂರು ಬೇಡಗಳನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನೀವು ಈ ಉತ್ತರ ಪೂರ್ತಿ ಓದುವ ಮುಂಚೆಯೇ ಯಾರಾದರೂ ಆಲ್ಬಂ ಹಿಡಿದುಕೊಂಡು ಲ್ಯಾಮಿನೇಷನ್ ಅಂಗಡಿಗೆ ಹೊರಟಿರಬಹುದು.

ಮುಂಬೈಯದೋ ಮೈಸೂರಿನದೋ ಹಳೇ ಫೋಟೊ ಆದರೆ, ಹಿಂದೆ ಏನೂ ಬರೆದಿಲ್ಲದಿದ್ದರೂ ಇವತ್ತು ಹೋಗಿ ಆ ಬೀದಿ ಹುಡುಕಬಹುದು, ಕೇಳಬಹುದು. ಕುದುರೆಮುಖದ್ದು ಹಾಗಲ್ಲ. ಅದು ಒಂದು ಕಂಪನಿಗಾಗಿ ಬೆಟ್ಟದ ಮಧ್ಯೆ ಕಟ್ಟಿದ ಊರು. ಕಂಪನಿ ಶುರುವಾಗಿದ್ದು 1976ರ ಏಪ್ರಿಲ್‌ನಲ್ಲಿ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆಮೇಲೆ ಜನ ಖಾಲಿಯಾದರು. ಎಷ್ಟೋ ಕ್ವಾರ್ಟರ್ಸ್ ಪಾಳು ಬಿದ್ದಿವೆ, ಸುತ್ತ ರಾಷ್ಟ್ರೀಯ ಉದ್ಯಾನದ ಕಾಡು. ಪಕ್ಕದ ಮನೆಯಲ್ಲಿ ಯಾರಿದ್ದರು ಅಂತ ಕೇಳೋಕೆ ಅಲ್ಲಿ ಪಕ್ಕದ ಮನೆಯೇ ಇಲ್ಲ. ಹಾಗಾಗಿ ನಿಮ್ಮ ಆಲ್ಬಂನಲ್ಲಿ ಯಾವ ಫೋಟೊ ಯಾವುದರ ಪಕ್ಕ ಇದೆ, ಯಾರು ಎಲ್ಲಿ ನಿಂತಿದ್ದಾರೆ, ಹಿಂದೆ ಏನು ಬರೆದಿದೆ ಅನ್ನೋದೇ ಅಸಲು ಆಸ್ತಿ. ಫೋಟೊ ಪಳಪಳ ಹೊಳೆಯೋದು ಆಮೇಲಿನ ಮಾತು.

ಹಾಗಂದಮೇಲೆ ಮೊದಲ ಕೆಲಸ ಸ್ಕ್ಯಾನರ್ ಹುಡುಕೋದಲ್ಲ, ತಾಯಿಯ ಪಕ್ಕ ಕೂತುಕೊಳ್ಳೋದು. ಆಲ್ಬಂ ಹೇಗಿದೆಯೋ ಹಾಗೇ ಇರಲಿ, ಫೋಟೊ ಕೀಳಬೇಡಿ. ಪ್ರತಿ ಆಲ್ಬಂಗೆ ಒಂದು ಅಕ್ಷರ, ಪ್ರತಿ ಪುಟಕ್ಕೆ ಒಂದು ನಂಬರ್ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಾಕಿ, 'ಬಿ ಆಲ್ಬಂ, ಏಳನೇ ಪುಟ, ಮೇಲಿನ ಎಡಗಡೆ ಫೋಟೊ' ಅಂತ ನೀವೇ ಜೋರಾಗಿ ಹೇಳಿ, ಆಮೇಲೆ ತಾಯಿಗೆ ಮಾತಾಡೋಕೆ ಬಿಡಿ. 'ಇವರು ಯಾರಮ್ಮ?' ಅಂತ ಒಂದೊಂದೇ ತೋರಿಸಿ ಕೇಳಿದರೆ ವಯಸ್ಸಾದವರಿಗೆ ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ, 'ನೆನಪಿಲ್ಲ ಬಿಡು' ಅಂದುಬಿಡುತ್ತಾರೆ. ಸುತ್ತುಬಳಸಿ ಕೇಳಿ. ಹಾಲು ಎಲ್ಲಿಂದ ಬರ್ತಿತ್ತು? ಕಳಸಕ್ಕೆ ಯಾವ ಬಸ್ಸು? ಮಳೆಗಾಲದಲ್ಲಿ ಬಟ್ಟೆ ಹೇಗೆ ಒಣಗಿಸ್ತಿದ್ರಿ? ಈ ಕೊನೇ ಪ್ರಶ್ನೆಗೆ ಮಲೆನಾಡಿನಲ್ಲಿ ಸಂಸಾರ ಮಾಡಿದ ಯಾವ ತಾಯಿಯೂ ಚಿಕ್ಕ ಉತ್ತರ ಕೊಡೋದಿಲ್ಲ. ಆ ಮಾತಿನ ಮಧ್ಯೆ ಹೆಸರುಗಳು ತಾವಾಗಿ ಬರುತ್ತವೆ. ದಿನಕ್ಕೆ ಅರ್ಧ ಗಂಟೆ ಸಾಕು. ಅವರಿಗೆ ಸುಸ್ತಾಗುವ ಮುಂಚೆ ನಿಲ್ಲಿಸಿ.

ಹೆಸರು ಗೊತ್ತಾಯಿತು ಅಂತ ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಒತ್ತಿದ ಗೆರೆ ಮುಂದಿನಿಂದ ಕಾಣುತ್ತದೆ, ಇಂಕು ಇನ್ನೊಂದು ಫೋಟೊಗೆ ಹತ್ತುತ್ತದೆ. ಕಪ್ಪು-ಬಿಳುಪು ಕಾಲದ ದಪ್ಪ ಕಾಗದದ ಪ್ರಿಂಟ್ ಆದರೆ ಮೃದುವಾದ ಪೆನ್ಸಿಲ್‌ನಲ್ಲಿ ಅಂಚಿಗೆ ನಂಬರ್ ಮಾತ್ರ ಹಾಕಬಹುದು. ಕಲರ್ ಪ್ರಿಂಟ್‌ನ ಹಿಂಬದಿ ಪ್ಲಾಸ್ಟಿಕ್ ಲೇಪದ್ದು, ಪೆನ್ಸಿಲ್ ಸರಿಯಾಗಿ ಹತ್ತುವುದಿಲ್ಲ. ಅದನ್ನು ಇಡುವ ಕವರ್ ಮೇಲೆ ಬರೆಯಿರಿ. ಕವರ್ ಮೇಲೂ ಫೋಟೊ ಒಳಗೆ ಹಾಕುವ ಮುಂಚೆ.

ಇನ್ನು ಅಂಟಿಕೊಂಡ ಆಲ್ಬಂ. ಇದು 1980ರ ದಶಕದಲ್ಲಿ ಮದುವೆ ಉಡುಗೊರೆಯಾಗಿ ಮನೆಮನೆಗೂ ಬಂದ ಪಿಡುಗು. ದಪ್ಪ ರಟ್ಟಿನ ಹಾಳೆ, ಅದರ ಮೇಲೆ ಅಂಟಿನ ಗೆರೆಗಳು, ಮೇಲೆ ಪಾರದರ್ಶಕ ಪ್ಲಾಸ್ಟಿಕ್. ಪ್ಲಾಸ್ಟಿಕ್ ಎತ್ತಿ ಫೋಟೊ ಇಟ್ಟು ಮುಚ್ಚಿದರೆ ಆಯಿತು, ಮೂಲೆ ಚೀಟಿ ಬೇಡ, ಗೋಂದು ಬೇಡ. ಆಗ ಬಹಳ ಸಲೀಸು ಅನ್ನಿಸಿತ್ತು. ಆ ಅಂಟು ವರ್ಷ ಕಳೆದ ಹಾಗೆ ಒಂದೋ ಗಟ್ಟಿಯಾಗಿ ಫೋಟೊವನ್ನು ಕಚ್ಚಿಕೊಳ್ಳುತ್ತದೆ, ಇಲ್ಲ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಎಷ್ಟೋ ಸಲ ಪಿವಿಸಿ. ಹೊಸ ರೇನ್‌ಕೋಟಿನ ವಾಸನೆ ಬರುತ್ತಿದ್ದರೆ ಅದೇ ಅಂದುಕೊಳ್ಳಿ. ಅದೂ ಫೋಟೊಗೆ ಒಳ್ಳೇದಲ್ಲ.

ಬಿಡಿಸುವ ಮುಂಚೆ ಪ್ರತಿ ಪುಟದ ಚಿತ್ರ ತೆಗೆದುಕೊಳ್ಳಿ. ಒಮ್ಮೆ ಪ್ಲಾಸ್ಟಿಕ್ ಸಮೇತ, ಒಮ್ಮೆ ಅದನ್ನು ಎತ್ತಿ. ಕಿಟಕಿ ಪಕ್ಕದ ನೆರಳಿನ ಬೆಳಕು ಸಾಕು, ಫ್ಲಾಶ್ ಬೇಡ. ಇದು ಮುಗಿದ ಮೇಲೆ ಬಿಡಿಸುವಾಗ ಹರಿದರೂ ಒಂದು ದಾಖಲೆ ಉಳಿದಿರುತ್ತದೆ.

ಬಿಡಿಸೋಕೆ ಬೇಕಾದದ್ದು ಹಲ್ಲು ಸ್ವಚ್ಛ ಮಾಡುವ ದಾರ. ಮೆಡಿಕಲ್ ಶಾಪಿನಲ್ಲಿ ಡೆಂಟಲ್ ಫ್ಲಾಸ್ ಅಂತ ಕೇಳಿ, ಮೇಣ ಹಚ್ಚದ್ದು, ವಾಸನೆ ಇಲ್ಲದ್ದು. ಎಲ್ಲರಿಗೂ ಬೇಡವಾದ ಒಂದು ಫೋಟೊ ಆರಿಸಿ, ಬರೀ ಬೆಟ್ಟ ಇರೋದು, ಕೈ ಅಲುಗಿ ಮಸುಕಾದದ್ದು, ಅಂಥದ್ದು. ಅದರ ಒಂದು ಮೂಲೆಯಲ್ಲಿ ದಾರವನ್ನು ಫೋಟೊ ಮತ್ತು ಹಾಳೆಯ ಮಧ್ಯೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು ಗರಗಸದಂತೆ ನಿಧಾನಕ್ಕೆ ಆಚೆ ಈಚೆ ಎಳೆಯುತ್ತಾ ಒಳಗೆ ಹೋಗಿ. ಫೋಟೊವನ್ನು ಮೇಲಕ್ಕೆ ಎತ್ತಬೇಡಿ. ಅದು ಚಪ್ಪಟೆಯಾಗಿಯೇ ಇರಬೇಕು, ಬಗ್ಗಬೇಕಾದದ್ದು ಕೆಳಗಿನ ಹಾಳೆ. ಫೋಟೊ ಬಗ್ಗಿದರೆ ಮೇಲಿನ ಪದರ ಬಿರುಕು ಬಿಡುತ್ತದೆ, ಆ ಬಿಳಿ ಗೆರೆ ಮತ್ತೆ ಹೋಗುವುದಿಲ್ಲ. ಹೇರ್ ಡ್ರೈಯರ್ ಬಿಸಿ ಕೊಡಿ ಅಂತ ಎಷ್ಟೋ ವಿಡಿಯೊಗಳು ಹೇಳುತ್ತವೆ. ನಾನು ಹೇಳುವುದಿಲ್ಲ. ಅಂಟು ಕರಗಿ ಇನ್ನಷ್ಟು ಹರಡುವುದೇ ಜಾಸ್ತಿ, ಪ್ರಿಂಟ್ ಸುರುಳಿ ಸುತ್ತಿಕೊಳ್ಳುವುದೂ ಉಂಟು. ದಾರ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಹಿಂದುಗಡೆ ಫೋಟೊ ಇಲ್ಲದ ಹಾಳೆ ಆದರೆ ಸುತ್ತ ಜಾಗ ಬಿಟ್ಟು ಹಾಳೆ ಸಮೇತ ಕತ್ತರಿಸಿ ಇಟ್ಟುಬಿಡಿ. ಎರಡೂ ಕಡೆ ಅಂಟಿದ್ದರೆ ಪುಟವನ್ನು ಹಾಗೇ ಇಡಿ. ಹಿಂದೆ ರಟ್ಟು ಅಂಟಿರುವ ಫೋಟೊ, ಹರಿದ ಫೋಟೊಗಿಂತ ಸಾವಿರ ಪಾಲು ವಾಸಿ. ಬಿಡಿಸಿದ್ದರ ಬೆನ್ನಿನಲ್ಲಿ ಇನ್ನೂ ಅಂಟು ಇರುತ್ತದೆ, ಒಂದರ ಮೇಲೊಂದು ಪೇರಿಸುವಾಗ ಮಧ್ಯೆ ಬೇಕರಿಯವರು ಹಾಕುವ ಬಟರ್ ಪೇಪರ್ ಇಡಿ.

ಚೌಕಟ್ಟು ಹಾಕಿಸಿದ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಅದರ ತಂಟೆಗೇ ಹೋಗಬೇಡಿ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಗೋಡೆಯ ಮೇಲೆ ಹೂವಿನ ಹಾರ ಹಾಕಿ, ಕುಂಕುಮ ಹಚ್ಚುವುದಿದ್ದರೆ ಅದಕ್ಕೆ ಸ್ಕ್ಯಾನ್‌ನಿಂದ ತೆಗೆಸಿದ ಹೊಸ ಪ್ರಿಂಟ್ ಬಳಸಿ, ಮೂಲ ಒಳಗಿರಲಿ. ತಂದೆಯ ಫೋಟೊಗೆ ಹಾರ ಬೇಡ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. ಒದ್ದೆ ಹೂವಿನ ತೇವ ಗಾಜಿನ ಸಂದಿಯಲ್ಲಿ ಇಳಿಯುತ್ತದೆ, ಅಷ್ಟೇ ಗಮನದಲ್ಲಿರಲಿ.

ಬೂಷ್ಟಿನ ವಿಷಯಕ್ಕೆ ಬರುತ್ತೇನೆ. ಕುದುರೆಮುಖದಲ್ಲಿ ವರ್ಷಕ್ಕೆ 6,000 ಮಿಲಿಮೀಟರ್ ಆಸುಪಾಸು ಮಳೆ. ದಾವಣಗೆರೆಯಲ್ಲಿ ಅದರ ಹತ್ತನೇ ಒಂದು ಪಾಲು. ಫೋಟೊದ ಮೇಲ್ಪದರ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಪದಾರ್ಥ. ಫಂಗಸ್‌ಗೆ ಅದು ಊಟ. ಗಾಳಿಯ ತೇವ ಶೇಕಡಾ 65–70 ದಾಟಿ ಹಾಗೇ ನಿಂತರೆ ಅದು ಬೆಳೆಯುತ್ತದೆ. ಆ ಬೆಟ್ಟದ ಮೇಲೆ ಜೂನ್‌ನಿಂದ ತಿಂಗಳುಗಟ್ಟಲೆ ಅದೇ ಹವೆ. ನಮ್ಮ ಬಯಲುಸೀಮೆಗೆ ಬಂದದ್ದು ನಿಮ್ಮ ಫೋಟೊಗಳ ಪುಣ್ಯ. ಇಲ್ಲಿನ ಒಣ ಹವೆಗೆ ಬೂಷ್ಟು ಬೆಳೆಯೋದು ನಿಂತಿರುತ್ತದೆ. ಆದರೆ ಸತ್ತಿರುವುದಿಲ್ಲ, ತೇವ ಸಿಕ್ಕರೆ ಮತ್ತೆ ಏಳುತ್ತದೆ.

ಹಾಗಾಗಿ ಒದ್ದೆ ಬಟ್ಟೆಯಲ್ಲಿ ಒರೆಸೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೂಷ್ಟು ತಿಂದ ಜಾಗದಲ್ಲಿ ಜೆಲಟಿನ್ ನೀರಿಗೆ ಕರಗುವಂತಾಗಿರುತ್ತದೆ. ಒರೆಸಿದಿರೋ, ಬೂಷ್ಟಿನ ಜೊತೆ ಮುಖವೂ ಬಟ್ಟೆಗೆ ಬರುತ್ತದೆ. ಬಿಸಿಲಿಗೂ ಹರವಬೇಡಿ. ನಮ್ಮಲ್ಲಿ ಹಪ್ಪಳದಿಂದ ಹಿಡಿದು ಹಾಸಿಗೆವರೆಗೆ ಎಲ್ಲದಕ್ಕೂ ಬಿಸಿಲೇ ಮದ್ದು, ಫೋಟೊಗೆ ಮಾತ್ರ ಅಲ್ಲ. ನೆರಳಲ್ಲಿ, ಫ್ಯಾನಿನ ನೇರ ಗಾಳಿ ಬೀಳದ ಕಡೆ ಎರಡು ಮೂರು ದಿನ ಬಿಡಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು, ಚಿತ್ರ ಬರೆಯುವ ಮೃದುವಾದ ಅಗಲ ಬ್ರಶ್‌ನಿಂದ ಮೆಲ್ಲಗೆ ಸವರಿ ಉದುರಿಸಿ. ಉಸಿರಾಟದ ತೊಂದರೆ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಕಲೆ ಉಳಿದರೆ ಉಳಿಯಲಿ. ಬೂಷ್ಟು ಹಿಡಿದದ್ದನ್ನು ಒಳ್ಳೆಯದರ ಜೊತೆ ಇಡಬೇಡಿ. ನುಸಿಗುಳಿಗೆ, ಬೇವಿನ ಸೊಪ್ಪು ಎರಡೂ ಫೋಟೊ ಡಬ್ಬಿಯೊಳಗೆ ಬೇಡ.

ಕಲರ್ ಫೋಟೊ ಕೆಂಪಾಗಿರೋದು ಬೇರೆ ಕಾಯಿಲೆ, ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕಲರ್ ಪ್ರಿಂಟಿನಲ್ಲಿ ಹಳದಿ, ಮಜೆಂಟಾ, ಸಯಾನ್ ಅಂತ ಮೂರು ಬಣ್ಣ ಇರುತ್ತವೆ. 1970, 80ರ ದಶಕಗಳ ಎಷ್ಟೋ ಪೇಪರ್‌ಗಳಲ್ಲಿ ಸಯಾನ್, ಅಂದರೆ ನೀಲಿ ಹಸಿರಿನ ಬಣ್ಣ, ಕತ್ತಲಲ್ಲಿ ಇಟ್ಟಿದ್ದರೂ ಬೇಗ ಮಾಸುತ್ತದೆ. ಅದು ಹೋದರೆ ಉಳಿಯೋದು ಕೆಂಪು. ಸೆಖೆ ಹೆಚ್ಚಿದಷ್ಟೂ ಬೇಗ. ಕುದುರೆಮುಖದ ಚಳಿ ಇದಕ್ಕೆ ಒಳ್ಳೇದಿತ್ತು, ನಮ್ಮ ಊರಿನ ಏಪ್ರಿಲ್ ಕೆಟ್ಟದ್ದು. ಹೋದ ಬಣ್ಣ ಪ್ರಿಂಟಿನಲ್ಲಿ ವಾಪಸ್ ಬರುವುದಿಲ್ಲ, ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ತಕ್ಕಮಟ್ಟಿಗೆ ಸರಿ ಮಾಡಬಹುದು. ಕಪ್ಪು-ಬಿಳುಪಿನವು ಬಹುಶಃ ಚೆನ್ನಾಗಿಯೇ ಇರುತ್ತವೆ. ಅಂಚಿನ ಕಪ್ಪು ಭಾಗದಲ್ಲಿ ಕನ್ನಡಿಯಂಥ ನೀಲಿ ಮಿನುಗು ಕಂಡರೆ ಗಾಬರಿ ಬೇಡ. ಅದು ಫೋಟೊದೊಳಗಿನ ಬೆಳ್ಳಿಯೇ ಮೇಲಕ್ಕೆ ಬಂದಿರೋದು. ತಿಕ್ಕಬೇಡಿ ಅಷ್ಟೇ.

ನಿಮ್ಮ ಪತ್ರದಲ್ಲಿ ನೆಗೆಟಿವ್ ಬಗ್ಗೆ ಅರ್ಧ ಸಾಲು ಮಾತ್ರ ಇದೆ. ಆದರೆ ಟ್ರಂಕಿನಲ್ಲಿ ನಾನು ಮೊದಲು ಕೈ ಹಾಕುವುದು ಅದಕ್ಕೆ. ಪ್ರಿಂಟ್‌ನಲ್ಲಿ ಇಲ್ಲದ ವಿವರ ನೆಗೆಟಿವ್‌ನಲ್ಲಿ ಇರುತ್ತದೆ. ಲ್ಯಾಬಿನವರು ಅಂಚು ಕತ್ತರಿಸಿದ್ದರೆ ಅಂಚಿನಲ್ಲಿ ನಿಂತವರೂ ಅಲ್ಲಿ ಸಿಗುತ್ತಾರೆ. ಆ ಕವರ್ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಹೊಡೆದರೆ ಫಿಲ್ಮ್ ಕೆಡಲು ಶುರುವಾಗಿದೆ, ಅದನ್ನು ಬೇರೆ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ, ಈ ಕಾಯಿಲೆ ಪಕ್ಕದ ಫಿಲ್ಮಿಗೂ ಹರಡುತ್ತದೆ. ಅಂಗೈಯಗಲದ ಚೌಕ ನೆಗೆಟಿವ್ ಸಿಕ್ಕರೆ ಅದು ಆಗಿನ ಮನೆಮನೆಯ ಆಗ್ಫಾ ಕ್ಲಿಕ್ 3 ಥರದ ಕ್ಯಾಮೆರಾದ್ದಿರಬಹುದು, ಒಂದು ರೋಲಿಗೆ 12 ಫೋಟೊ. ಸಣ್ಣ 35 ಎಂ.ಎಂ. ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು ಇರುತ್ತದೆ: ಜರ್ಮನಿಯ ಓರ್ವೊ, ನಮ್ಮ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು, ಇಲ್ಲ ಕೊಡಾಕ್. ರಂಧ್ರಗಳ ಪಕ್ಕ ಬಾರ್‌ಕೋಡಿನಂಥ ಪಟ್ಟಿ ಇದ್ದರೆ ಆ ಫಿಲ್ಮ್ 1983ಕ್ಕಿಂತ ಹಳೆಯದಲ್ಲ.

ಇಸವಿ ಹುಡುಕುವ ಇನ್ನೊಂದು ದಾರಿ ನಿಮ್ಮಂಥ ಗಣಿ ಊರಿನವರಿಗೆ ಮಾತ್ರ ಸಿಗುವಂಥದ್ದು. ಫೋಟೊದಲ್ಲಿ ಮುಂದೆ ನಿಂತವರನ್ನು ಬಿಟ್ಟು ಹಿಂದಿನ ಬೆಟ್ಟ ನೋಡಿ. ಅದಿರು ತೆಗೆದದ್ದು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ. ತುದಿ ಇನ್ನೂ ಹುಲ್ಲು ಹೊದ್ದು ದುಂಡಗಿದ್ದರೆ ಹಳೇದು, ಮೆಟ್ಟಿಲು ಹೆಚ್ಚಿದ್ದಷ್ಟೂ ಈಚಿನದು. ಒಂದೇ ಜಾಗದಿಂದ ತೆಗೆದ ಎರಡು ಮೂರು ಫೋಟೊ ಸಿಕ್ಕರೆ ಪಕ್ಕಪಕ್ಕ ಇಟ್ಟು, ಮೆಟ್ಟಿಲು ಎಣಿಸಿ ಸಾಲಾಗಿ ಜೋಡಿಸಬಹುದು. ಕಾರ್ಖಾನೆ ಇನ್ನೂ ಬರೀ ಕಬ್ಬಿಣದ ಹಂದರವಾಗಿದ್ದರೆ 1980ಕ್ಕೆ ಮುಂಚಿನದು. ಆಗ ಇರಾನ್ 63 ಕೋಟಿ ಡಾಲರ್ ಕೊಟ್ಟು ಅದಿರು ಕೊಳ್ಳುವ ಒಪ್ಪಂದ ಆಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಹಿಂದೆ ಸರಿದರು, ಇಲ್ಲಿ ಕಾರ್ಖಾನೆ ಮಾತ್ರ ಸಿದ್ಧವಾಗಿ ನಿಂತಿತ್ತು. ತಂದೆ ಆ ಕಾಲಕ್ಕೇ ಸೇರಿದ್ದರೆ ತಾಯಿಯ ಹತ್ತಿರ ಇದರ ಕಥೆ ಖಂಡಿತ ಇರುತ್ತದೆ, ಕೇಳಿ. ಮಗ್ಗುಲಲ್ಲಿ ಸಮುದ್ರ ಕಂಡರೆ ಅದು ಮಂಗಳೂರಿನ ಪಣಂಬೂರು ಕಡೆಯದು. ಅದಿರಿನ ಪುಡಿಯನ್ನು ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಅಲ್ಲಿಗೆ ಕಳಿಸುತ್ತಿದ್ದರು. ಗುಳಿಗೆ ಮಾಡುವ ಪೆಲೆಟ್ ಘಟಕ ಅಲ್ಲಿ ಶುರುವಾಗಿದ್ದು 1987ರಲ್ಲಿ.

ಸ್ಕ್ಯಾನಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಿಂಟ್‌ಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಅಳತೆ), ಸಣ್ಣ ನೆಗೆಟಿವ್‌ಗೆ ಕನಿಷ್ಠ 2400. ವಿವರ ಕಳೆಯದೆ ಉಳಿಸುವ ಟಿಫ್ ಫೈಲ್ ಕೇಳಿ, ವಾಟ್ಸ್ಆ್ಯಪ್‌ಗೆ ಬೇಕಾದರೆ ಜೆಪೆಗ್ ಮಾಡಿಕೊಳ್ಳಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು ಅಂತ ಒತ್ತಿ ಹೇಳಿ. ಸ್ಟುಡಿಯೊದವರು ಸಾಮಾನ್ಯವಾಗಿ ಮಾಡುವುದಿಲ್ಲ, ಸ್ಟುಡಿಯೊ ಸೀಲು, ತಾರೀಖು ಎಲ್ಲ ಅಲ್ಲೇ ಇರುತ್ತದೆ. ಫೈಲ್‌ಗಳು ಮೂರು ಕಡೆ ಇರಲಿ, ಒಂದಾದರೂ ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕ್ ಕೆಡುತ್ತದೆ, ಪಾಸ್‌ವರ್ಡ್ ಮರೆಯುತ್ತದೆ. ಮೂಲ ಪ್ರಿಂಟ್ ಇದ್ದರೆ ಮತ್ತೆ ಸ್ಕ್ಯಾನ್ ಮಾಡಬಹುದು. ಅಣ್ಣನಿಗೆ ಇದೇ ನನ್ನ ಉತ್ತರ.

ಲ್ಯಾಮಿನೇಷನ್ ಬಿಸಿ ಮತ್ತು ಅಂಟು ಎರಡನ್ನೂ ಒಟ್ಟಿಗೆ ಕೊಡುತ್ತದೆ, ಒಮ್ಮೆ ಆದರೆ ಬಿಡಿಸುವ ದಾರಿಯೇ ಇಲ್ಲ. ಒಳಗೆ ಬೂಷ್ಟು ಇದ್ದರೆ ಅದೂ ಒಳಗೇ ಉಳಿಯಿತು. ಅಕ್ಕನ ಮನೆಯಲ್ಲಿ ಮಾರ್ಕ್ಸ್‌ಕಾರ್ಡ್ ಲ್ಯಾಮಿನೇಷನ್ ಮಾಡಿಸಿ ಪಾಡು ಪಟ್ಟವರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನೇ ಕೇಳಲಿ.

ಆ್ಯಪ್‌ನಲ್ಲಿ ಹೊಸದು ಮಾಡಿದ ಚಿತ್ರಗಳನ್ನು ನೋಡಿ ಖುಷಿಪಡಿ, ತಪ್ಪೇನಿಲ್ಲ. ಆದರೆ ಮಸುಕಾದ ಮುಖವನ್ನು ಅದು ಸ್ಪಷ್ಟ ಮಾಡುವುದಿಲ್ಲ, ಊಹಿಸಿ ಇನ್ನೊಂದು ಮುಖ ಬರೆಯುತ್ತದೆ. ಗುಂಪಿನ ಫೋಟೊದಲ್ಲಿ ಹಿಂದಿನ ಸಾಲಿನವರ ಕಣ್ಣು, ಮೂಗು ನೋಡಿ, ಎಲ್ಲರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಹೆಲ್ಮೆಟ್ ಮೇಲಿನ ನಂಬರ್ ಅಕ್ಷರವೇ ಅಲ್ಲದ ಗೀಚಾಗಿರುತ್ತದೆ. ಅಂಥ ಫೈಲ್‌ಗಳಿಗೆ ಹೆಸರಿನಲ್ಲೇ 'ಆ್ಯಪ್' ಅಂತ ಸೇರಿಸಿ ಬೇರೆ ಫೋಲ್ಡರ್‌ನಲ್ಲಿ ಇಡಲು ಹುಡುಗನಿಗೆ ಹೇಳಿ. ಇಪ್ಪತ್ತು ವರ್ಷದ ನಂತರ ಯಾವುದು ತಾತ, ಯಾವುದು ಕಂಪ್ಯೂಟರ್ ಬರೆದದ್ದು ಅಂತ ಗೊಂದಲ ಆಗಬಾರದು.

ಉಳಿದ ಸಾಮಾನು ಅಷ್ಟು ಕಷ್ಟವಲ್ಲ. ಕಲ್ಲಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ, ಕುದುರೆಮುಖದ ಅದಿರಿನಲ್ಲಿ ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಖನಿಜ ಇರುವುದರಿಂದ ಎಳೆಯುತ್ತದೆ. ಕಪ್ಪು ಪಟ್ಟೆ, ತಿಳಿ ಪಟ್ಟೆ ಒಂದರ ಮೇಲೊಂದು ಕಾಣಬಹುದು. ತೊಳೆಯೋದು, ವಾರ್ನಿಷ್ ಹೊಡೆಯೋದು ಬೇಡ, ಒಣ ಬ್ರಶ್ ಸಾಕು. ಹಿತ್ತಾಳೆ ಬಿಲ್ಲೆಗೆ ದಯವಿಟ್ಟು ಹುಣಸೆಹಣ್ಣು ತೋರಿಸಬೇಡಿ. ಹಬ್ಬಕ್ಕೆ ದೀಪ ತಿಕ್ಕಿದ ಹಾಗೆ ನಾಲ್ಕು ಸಲ ತಿಕ್ಕಿದರೆ ಅದರ ಮೇಲೆ ಕೆತ್ತಿದ ನಂಬರ್ ಸವೆಯುತ್ತದೆ, ಆ ನಂಬರ್ ತಾನೆ ನಿಮ್ಮ ತಂದೆ. ಇಂಗಳದಾಳ್ ತಾಮ್ರದ ಗಣಿಯಲ್ಲಿ ದುಡಿದವರ ಮನೆಗಳಿಂದ ಚಿತ್ರದುರ್ಗದಲ್ಲಿ ನನ್ನ ಹತ್ತಿರ ಬರುವ ಬಿಲ್ಲೆಗಳೂ ಹೀಗೇ, ಕನ್ನಡಿಯಂತೆ ಹೊಳೆಯುತ್ತವೆ, ಓದಲು ಏನೂ ಉಳಿದಿರುವುದಿಲ್ಲ. ಹೆಲ್ಮೆಟ್ ಪ್ಲಾಸ್ಟಿಕ್ಕಿನದು, ಬಿಸಿಲು ಬೀಳದ ಕಡೆ ಇಡಿ. ಒಳಗಿನ ಪಟ್ಟಿ, ಬೆವರಿನ ಕಲೆ ಹಾಗೇ ಇರಲಿ.

ಕಾಗದಪತ್ರಗಳಲ್ಲಿ ತುಕ್ಕು ಹಿಡಿದ ಪಿನ್ನು, ಸ್ಟೇಪಲ್ ತೆಗೆಯಿರಿ. ಸೆಲ್ಲೊಟೇಪ್ ಹೊಸದಾಗಿ ಹಚ್ಚಬೇಡಿ. ಸಂಬಳದ ಚೀಟಿ, ಕ್ವಾರ್ಟರ್ಸ್ ಕೊಟ್ಟ ಪತ್ರ, ಶಾಲೆಯ ಪ್ರಗತಿಪತ್ರ, ಯೂನಿಯನ್ ಕರಪತ್ರ, ಯಾವುದೂ ಕಸವಲ್ಲ. ಗಣಿ ನಿಲ್ಲಬಾರದು ಅಂತ ನಡೆದ ಮೆರವಣಿಗೆಯ ಫೋಟೊ ಇದ್ದರೆ ಮುಜುಗರ ಪಟ್ಟುಕೊಂಡು ಬದಿಗಿಡಬೇಡಿ. ಗಣಿ ನಿಲ್ಲಿಸಿ ಅಂದವರ ವಾದದಲ್ಲಿ ಭದ್ರಾ ನದಿಗೆ ಇಳಿಯುವ ಹೂಳು ದೊಡ್ಡ ವಿಷಯವಾಗಿತ್ತು. ಅದೇ ಭದ್ರೆಯ ನೀರು ಲಕ್ಕವಳ್ಳಿ ಅಣೆಕಟ್ಟಿನಿಂದ ನಾಲೆ ಹಿಡಿದು ನಿಮ್ಮ ದಾವಣಗೆರೆಯ ಭತ್ತದ ಗದ್ದೆಗೆ ಬರುತ್ತದೆ. ಕೆಲಸ ಹೋದವರ ನೋವೂ ನಿಜ, ನದಿಯ ಮಾತೂ ನಿಜ. ನಿಮ್ಮ ಮನೆಯ ಪೆಟ್ಟಿಗೆ ತೀರ್ಪು ಕೊಡಬೇಕಾಗಿಲ್ಲ, ಎರಡನ್ನೂ ಇಟ್ಟುಕೊಂಡರೆ ಸಾಕು.

ಹಂಚುವ ವಿಷಯ. ಫೈಲ್‌ಗಳು ಮೂವರಿಗೂ, ತಾಯಿಯ ಮಾತಿನ ರೆಕಾರ್ಡಿಂಗ್ ಮೂವರಿಗೂ. ಇಷ್ಟವಾದವುಗಳ ಹೊಸ ಪ್ರಿಂಟ್ ಎಷ್ಟು ಬೇಕಾದರೂ ತೆಗೆಸಿ. ಕಲ್ಲು ಒಬ್ಬರಿಗೆ, ಹೆಲ್ಮೆಟ್ ಒಬ್ಬರಿಗೆ ಹೋದರೆ ನಷ್ಟವಿಲ್ಲ. ಆಲ್ಬಂ ಮತ್ತು ನೆಗೆಟಿವ್ ಮಾತ್ರ ಒಡೆಯದೆ ಒಬ್ಬರ ಹತ್ತಿರ ಇರಲಿ, ಯಾರ ಹತ್ತಿರ ಅಂತ ಒಂದು ಹಾಳೆಯಲ್ಲಿ ಬರೆದು ಮೂವರೂ ಇಟ್ಟುಕೊಳ್ಳಿ. ಇಡುವ ಜಾಗ ಸಜ್ಜಾ ಅಲ್ಲ. ಆರ್‌ಸಿಸಿ ಸೂರಿನ ಕೆಳಗೆ ಬೇಸಿಗೆಯಲ್ಲಿ ಅಲ್ಲಿ ಕೈ ಇಡೋಕಾಗಲ್ಲ. ಬಚ್ಚಲಿನ ಗೋಡೆಗೆ ತಾಗದ ನಡುಕೋಣೆಯ ಬೀರು ಒಳ್ಳೇದು, ಅದರಲ್ಲೂ ಕೆಳಗಿನಿಂದ ಎರಡನೇ ತಟ್ಟು. ನೀರು ನುಗ್ಗಿದರೂ ಅಲ್ಲಿಗೆ ಏರುವುದು ಕಡಿಮೆ. ಕಾಗದದ ಕವರ್, ಇಲ್ಲ ಪಾಲಿಪ್ರೊಪಿಲೀನ್ ಕವರ್ ಬಳಸಿ, ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿ, ಪೊಟ್ಟಣ ಬದಲಿಸಿ.